ಸಾಲಿಡ್‌ವರ್ಕ್ಸ್ ಬಿಟ್ಟು ಕ್ಯಾಟಿಯಾಗೆ ಬಂದವರಿಗೆ: ಹೊಸ ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡುವ) ಸಾಫ್ಟ್‌ವೇರ್ ತಲೆ ಕೆಡಿಸಿದಾಗ ಹಂತ ಹಂತವಾಗಿ ಏನು ಮಾಡಬೇಕು

ಪೀಣ್ಯದ ಯಾವುದೋ ಫಿಕ್ಸ್ಚರ್ ಕಂಪನಿಯಲ್ಲಿ ವರ್ಷಗಟ್ಟಲೆ ಸಾಲಿಡ್‌ವರ್ಕ್ಸ್‌ನಲ್ಲಿ ಕೆಲಸ ಮಾಡಿರುತ್ತೀರಿ. ಕಣ್ಣು ಮುಚ್ಚಿಕೊಂಡು ಬ್ರ್ಯಾಕೆಟ್ ಮಾಡುವಷ್ಟು ಕೈ ಕುದುರಿರುತ್ತದೆ. ಆಮೇಲೆ ಏರೋಸ್ಪೇಸ್ ಅಥವಾ ಆಟೋಮೊಬೈಲ್ ಕೆಲಸ ಮಾಡುವ ಕಂಪನಿಗೆ ಸೇರುತ್ತೀರಿ. ಅಲ್ಲಿ ಎಲ್ಲವೂ ಕ್ಯಾಟಿಯಾ ವಿ5. ಮೊದಲ ದಿನವೇ ತಲೆ ಚಿಟ್ಟು ಹಿಡಿಯುತ್ತದೆ. ಹತ್ತು ನಿಮಿಷದ ಪಾರ್ಟ್‌ಗೆ ಅರ್ಧ ದಿನ ಬೇಕಾಗುತ್ತದೆ. ಪಕ್ಕದ ಸೀಟಿನಲ್ಲಿ ನಿನ್ನೆ ಮೊನ್ನೆ ಡಿಪ್ಲೊಮಾ ಮುಗಿಸಿದ ಹುಡುಗ ಚಕಚಕ ಅಂತ ಸರ್ಫೇಸ್ ಎಳೆಯುತ್ತಿರುತ್ತಾನೆ. ಅದನ್ನು ನೋಡಿ 'ನನಗೆ ಡಿಸೈನೇ ಬರುವುದಿಲ್ಲವೇನೋ' ಅನ್ನಿಸಲು ಶುರುವಾಗುತ್ತದೆ.

ಹಾಗೆ ಅಂದುಕೊಳ್ಳಬೇಡಿ. ಎಲ್ಲಿ ಫಿಲೆಟ್ ಬೇಕು, ಯಾವ ಫಿಟ್ ಕೊಡಬೇಕು, ಟೂಲ್ ಎಲ್ಲಿಗೆ ಹೋಗುವುದಿಲ್ಲ ಅನ್ನುವ ತಿಳಿವಳಿಕೆ ಎಲ್ಲೂ ಹೋಗಿಲ್ಲ. ಕೈಯ ಅಭ್ಯಾಸ ಮಾತ್ರ ಹಳೆಯ ಸಾಫ್ಟ್‌ವೇರ್‌ನದ್ದು. ಆ ಅಭ್ಯಾಸವನ್ನು ಒಂದು ಕ್ರಮದಲ್ಲಿ ಬದಲಿಸಿದರೆ ಸಿಟ್ಟು ಬೇಗ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋದರೆ ಜಾಸ್ತಿ ದಿನ ನರಳಬೇಕಾಗುತ್ತದೆ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಇವೆರಡೂ ಯಾಕೆ ಇಷ್ಟು ಬೇರೆ

ಕ್ಯಾಟಿಯಾ ಹುಟ್ಟಿದ್ದು ವಿಮಾನ ಕಂಪನಿಯಲ್ಲಿ. 1977ರಲ್ಲಿ ಫ್ರಾನ್ಸಿನ ದಸೋ ತನ್ನ ವಿಮಾನಗಳ ವಿನ್ಯಾಸಕ್ಕೆ ಅಂತಲೇ ಇದನ್ನು ಶುರುಮಾಡಿತು. 1981ರಲ್ಲಿ ದಸೋ ಸಿಸ್ಟಮ್ಸ್ ಅನ್ನುವ ಪ್ರತ್ಯೇಕ ಕಂಪನಿ ಆಯಿತು. ಬಾಗಿದ ಮೈಗಳು, ಸಾವಿರಾರು ಪಾರ್ಟ್‌ಗಳ ಅಸೆಂಬ್ಲಿ, ಒಂದೇ ಮಾಡೆಲ್ ಮೇಲೆ ಕೈ ಆಡಿಸುವ ಹತ್ತಾರು ಜನ, ಇದೆಲ್ಲ ಅದರ ಹುಟ್ಟುಗುಣ. ಸಾಲಿಡ್‌ವರ್ಕ್ಸ್ 1995ರಲ್ಲಿ ಬಂತು. ವಿಂಡೋಸ್ ಕಂಪ್ಯೂಟರ್ ಮುಂದೆ ಕೂತ ಒಬ್ಬ ಡಿಸೈನರ್ ಬೇಗ ಕಲಿತು ಕೆಲಸ ಮುಗಿಸಲಿ ಅನ್ನುವುದು ಅದರ ಉದ್ದೇಶ. 1997ರಲ್ಲಿ ದಸೋ ಸಿಸ್ಟಮ್ಸ್ ಅದನ್ನೂ ಕೊಂಡಿತು. ಹಾಗಾಗಿ ಎರಡಕ್ಕೂ ಯಜಮಾನ ಒಬ್ಬನೇ. ಆದರೆ ಒಳಗಿನ ಲೆಕ್ಕಾಚಾರದ ಎಂಜಿನ್ ಬೇರೆ. ಸಾಲಿಡ್‌ವರ್ಕ್ಸ್ ಓಡುವುದು ಸೀಮೆನ್ಸ್‌ನವರ ಪ್ಯಾರಾಸಾಲಿಡ್ ಮೇಲೆ, ಕ್ಯಾಟಿಯಾ ಓಡುವುದು ತನ್ನದೇ ಸಿಜಿಎಂ ಮೇಲೆ.

ಇದು ಯಾಕೆ ಗೊತ್ತಿರಬೇಕು ಅಂದರೆ, ನಿಮ್ಮ ಹಳೆಯ ಪಾರ್ಟ್ ಅನ್ನು ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳು ಓದಬಲ್ಲ ಫೈಲ್) ಮಾಡಿ ಇಲ್ಲಿ ತೆರೆದರೆ ಆಕಾರ ಬರುತ್ತದೆ, ಫೀಚರ್‌ಗಳ ಟ್ರೀ, ಅಂದರೆ ಪಾರ್ಟ್ ಕಟ್ಟಿದ ಹಂತಗಳ ಪಟ್ಟಿ, ಬರುವುದಿಲ್ಲ. ಒಂದು ರಂಧ್ರದ ಅಳತೆ ಬದಲಿಸಲೂ ಕಷ್ಟ. ಕನ್ವರ್ಟ್ ಮಾಡಿಕೊಂಡು ಬಚಾವಾಗುತ್ತೇನೆ ಅನ್ನುವ ಆಸೆಯನ್ನು ಮೊದಲ ದಿನವೇ ಬಿಟ್ಟುಬಿಡಿ.

ಹಂತ 1: ಬಾಯಿಬಿಟ್ಟು ಸಮಯ ಕೇಳಿ

ತುಂಬಾ ಜನ ಇಲ್ಲೇ ಸೋಲುತ್ತಾರೆ. ಹೊಸ ಸಾಫ್ಟ್‌ವೇರ್ ಅಂತ ಹೇಳಿಕೊಳ್ಳಲು ಸಂಕೋಚ. ಸುಮ್ನೆ ಒಪ್ಪಿಕೊಂಡು ರಾತ್ರಿಯೆಲ್ಲ ಒದ್ದಾಡುತ್ತಾರೆ. 'ನನಗೆ ಕಷ್ಟ ಆಗುತ್ತಿದೆ' ಅಂದರೆ ಮ್ಯಾನೇಜರ್‌ಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಅದರ ಬದಲು ಹೀಗೆ ಹೇಳಿ: 'ಈ ವಾರ ಪಾರ್ಟ್ ಮಾಡೆಲಿಂಗ್, ಮುಂದಿನ ವಾರ ಅಸೆಂಬ್ಲಿ, ಅದಾದ ಮೇಲೆ ಡ್ರಾಯಿಂಗ್ ಹಿಡಿಯುತ್ತೇನೆ. ಅಲ್ಲಿಯವರೆಗೆ ಸಣ್ಣ ಪಾರ್ಟ್‌ಗಳ ತಿದ್ದುಪಡಿ ಕೆಲಸ ಕೊಡಿ. ದಿನಕ್ಕೆ ಒಂದು ಗಂಟೆ ಅಭ್ಯಾಸಕ್ಕೆ ಬೇಕು.' ಇದಕ್ಕೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬಹುದು. ಹೆಚ್ಚಿನವರು ಹೌದು ಅನ್ನುತ್ತಾರೆ.

ಸೋಮವಾರ ಸಾಫ್ಟ್‌ವೇರ್ ಕೊಟ್ಟು ಶುಕ್ರವಾರ ಡ್ರಾಯಿಂಗ್ ಕೇಳುವುದು ನ್ಯಾಯ ಅಲ್ಲ. ಟೀಮ್ ಲೀಡ್ ಆಗಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಇದೇ ದಿನ ಇನ್ನೆರಡು ಪ್ರಶ್ನೆ ಕೇಳಿಬಿಡಿ. ಕಂಪನಿಗೆ ಅಥವಾ ಕ್ಲೈಂಟ್‌ಗೆ ಮಾಡೆಲಿಂಗ್ ನಿಯಮಗಳ ಕೈಪಿಡಿ ಇದೆಯಾ? ಶುರುಮಾಡಲು ಒಂದು ಸ್ಟಾರ್ಟ್ ಪಾರ್ಟ್ (ಮೊದಲೇ ಸಿದ್ಧಮಾಡಿಟ್ಟ ಖಾಲಿ ಫೈಲ್) ಇದೆಯಾ? ದೊಡ್ಡ ಕ್ಲೈಂಟ್‌ಗಳ ಕೆಲಸದಲ್ಲಿ ಇವೆರಡೂ ಸಾಮಾನ್ಯವಾಗಿ ಇರುತ್ತವೆ. ಹೊಸಬರಿಗೆ ಯಾರೂ ತಾವಾಗಿ ಹೇಳುವುದಿಲ್ಲ, ಅಷ್ಟೆ.

ಹಂತ 2: ಮೊದಲು ಮೌಸ್, ಆಮೇಲೆ ಮಿಕ್ಕಿದ್ದು

ಹಳೆಯ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಬೇರೆ ಬೈಕಿನಿಂದ ಅದಕ್ಕೆ ಹತ್ತಿದವರಿಗೆ ರಸ್ತೆ ಗೊತ್ತಿದ್ದರೂ ಕಾಲು ಮಾತು ಕೇಳುತ್ತಿರಲಿಲ್ಲ. ಕ್ಯಾಟಿಯಾದ ಮೌಸ್ ಕೂಡ ಹಾಗೇ.

ಸಾಲಿಡ್‌ವರ್ಕ್ಸ್‌ನಲ್ಲಿ ವೀಲ್ ಒತ್ತಿ ಎಳೆದರೆ ಪಾರ್ಟ್ ತಿರುಗುತ್ತದೆ, ವೀಲ್ ಉರುಳಿಸಿದರೆ ಝೂಮ್ ಆಗುತ್ತದೆ. ಇಲ್ಲಿ ವೀಲ್ ಉರುಳಿಸಿದರೆ ಎಡಗಡೆಯ ಟ್ರೀ ಮೇಲೆ ಕೆಳಗೆ ಓಡುತ್ತದೆ. ಪಾರ್ಟ್‌ಗೆ ಏನೂ ಆಗುವುದಿಲ್ಲ. ಇಲ್ಲಿನ ಕ್ರಮ ಹೀಗಿದೆ:

- ವೀಲ್ ಒತ್ತಿ ಹಿಡಿದು ಎಳೆದರೆ ಪಾರ್ಟ್ ಸರಿಯುತ್ತದೆ.
- ವೀಲ್ ಒತ್ತಿ ಹಿಡಿದೇ ಎಡ ಬಟನ್ ಕೂಡ ಒತ್ತಿ ಹಿಡಿದು ಎಳೆದರೆ ತಿರುಗುತ್ತದೆ.
- ವೀಲ್ ಒತ್ತಿ ಹಿಡಿದು, ಎಡ ಬಟನ್ ಒಮ್ಮೆ ಒತ್ತಿ ಬಿಟ್ಟು, ಮೌಸ್ ಮೇಲೆ ಕೆಳಗೆ ಆಡಿಸಿದರೆ ಝೂಮ್.
- ಪಾರ್ಟ್‌ನ ಒಂದು ಜಾಗದ ಮೇಲೆ ವೀಲ್ ಅನ್ನು ಸುಮ್ನೆ ಒಮ್ಮೆ ಒತ್ತಿದರೆ ಆ ಜಾಗ ಸ್ಕ್ರೀನಿನ ನಡುವೆ ಬರುತ್ತದೆ, ತಿರುಗುವುದೂ ಅದರ ಸುತ್ತಲೇ.

ನಾಲ್ಕನೆಯದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಪಾರ್ಟ್ ತಿರುಗಿಸಿದಾಗಲೆಲ್ಲ ಸ್ಕ್ರೀನಿನಿಂದ ಆಚೆ ಹಾರಿಹೋಗುತ್ತದೆ ಅನ್ನುವ ದೂರಿಗೆ ಮದ್ದು ಅದೇ.

ಏನೂ ಮಾಡೆಲ್ ಮಾಡಬೇಡಿ. ಟೀಮಿನ ಒಂದು ದೊಡ್ಡ ಪಾರ್ಟ್ ತೆರೆದು ಸುಮ್ನೆ ತಿರುಗಿಸಿ, ಒಳಗೆ ಹೋಗಿ, ಹಿಂದಿನ ಮುಖ ನೋಡಿ, ಒಂದು ಸಣ್ಣ ರಂಧ್ರ ಹುಡುಕಿ ಅದರ ಹತ್ತಿರ ಹೋಗಿ. ಬೆಳಿಗ್ಗೆ ಬಂದ ತಕ್ಷಣ ಕಾಲು ಗಂಟೆ ಇದನ್ನೇ ಮಾಡಿ. ಬೆರಳಿಗೆ ಮೌಸ್ ಹತ್ತದೆ ಬೇರೆ ಪಾಠ ತಲೆಗೆ ಇಳಿಯುವುದಿಲ್ಲ. ಪ್ರತಿ ಸಲ ತಿರುಗಿಸುವಾಗಲೂ ಗಮನ ಅಲ್ಲಿಗೇ ಹೋಗಿಬಿಡುತ್ತದೆ.

ಹಂತ 3: ಗಾಬರಿ ಹುಟ್ಟಿಸುವ ನಾಲ್ಕು ಸಂಗತಿ

ಮೊದಲ ವಾರದ ಅರ್ಧ ಸಿಟ್ಟು ಇವುಗಳಿಂದಲೇ ಬರುತ್ತದೆ. ಮೊದಲೇ ತಿಳಿದಿದ್ದರೆ ಬೆವರು ಕೀಳುವುದು ತಪ್ಪುತ್ತದೆ.

ಇದ್ದಕ್ಕಿದ್ದಂತೆ ಪಾರ್ಟ್ ಮಂಕಾಗುತ್ತದೆ. ಮೌಸ್ ಆಡಿಸಿದರೆ ಪಾರ್ಟ್ ಬದಲು ಟ್ರೀ ದೊಡ್ಡದಾಗುತ್ತದೆ, ಸರಿಯುತ್ತದೆ. ಹ್ಯಾಂಗ್ ಆಯಿತು ಅಂತ ಬಂದ್ ಮಾಡಬೇಡಿ. ಟ್ರೀಯ ಕೊಂಬೆಯಂಥ ಗೆರೆಯ ಮೇಲೆ ಗೊತ್ತಿಲ್ಲದೆ ಕ್ಲಿಕ್ ಮಾಡಿದ್ದೀರಿ, ಅಷ್ಟೆ. ಈಗ ಮೌಸ್ ಟ್ರೀಯ ಕೈಯಲ್ಲಿದೆ. ಅದೇ ಗೆರೆ ಮೇಲೆ ಮತ್ತೆ ಕ್ಲಿಕ್ ಮಾಡಿ, ಅಥವಾ ಶಿಫ್ಟ್ ಹಿಡಿದು ಎಫ್3 ಒತ್ತಿ. ಬರೀ ಎಫ್3 ಒತ್ತಿದರೆ ಟ್ರೀ ಮರೆಯಾಗುತ್ತದೆ. ಮತ್ತೆ ಒತ್ತಿದರೆ ಬರುತ್ತದೆ.

ಟೂಲ್‌ಬಾರ್ ಕಾಣುವುದಿಲ್ಲ. ಸ್ಕ್ರೀನಿನ ಬಲ ಅಂಚಿನ ಕೆಳಗೆ ಎರಡು ಸಣ್ಣ ಬಾಣದ ಗುರುತು ಇದೆಯಾ ನೋಡಿ. ಜಾಗ ಸಾಲದ ಟೂಲ್‌ಬಾರ್‌ಗಳು ಅದರ ಹಿಂದೆ ಅಡಗಿರುತ್ತವೆ, ಹಿಡಿದು ಎಳೆದುಕೊಳ್ಳಬಹುದು. ಪೂರ್ತಿ ಚೆಲ್ಲಾಪಿಲ್ಲಿ ಆಗಿದ್ದರೆ ಟೂಲ್ಸ್ ಮೆನು, ಕಸ್ಟಮೈಸ್, ಟೂಲ್‌ಬಾರ್ಸ್ ಟ್ಯಾಬ್, ಅಲ್ಲಿ ರಿಸ್ಟೋರ್ ಪೊಸಿಷನ್.

ಬೇಕಾದ ಐಕಾನ್ ಇಲ್ಲವೇ ಇಲ್ಲ. ಆಗ ನೀವು ಬೇರೆ ವರ್ಕ್‌ಬೆಂಚ್‌ನಲ್ಲಿ ಇದ್ದೀರಿ. ಕ್ಯಾಟಿಯಾದಲ್ಲಿ ಪಾರ್ಟ್ ಡಿಸೈನ್, ಸರ್ಫೇಸ್, ಅಸೆಂಬ್ಲಿ, ಡ್ರಾಫ್ಟಿಂಗ್ ಎಲ್ಲಕ್ಕೂ ಬೇರೆ ಬೇರೆ ವರ್ಕ್‌ಬೆಂಚ್. ಅಸೆಂಬ್ಲಿಯಲ್ಲಿ ಒಂದು ಪಾರ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಸಾಕು, ಪಾರ್ಟ್ ಡಿಸೈನ್‌ಗೆ ಹೋಗಿಬಿಡುತ್ತದೆ. ಯಾವ ವರ್ಕ್‌ಬೆಂಚ್‌ನಲ್ಲಿ ಇದ್ದೀರಿ ಅಂತ ಒಂದು ಐಕಾನ್ ಯಾವಾಗಲೂ ತೋರಿಸುತ್ತಿರುತ್ತದೆ. ಅದನ್ನು ನೋಡುವುದು ಅಭ್ಯಾಸ ಆಗಲಿ. ಸರಿಯಾದ ವರ್ಕ್‌ಬೆಂಚ್‌ನಲ್ಲಿದ್ದೂ ಸಿಗದಿದ್ದರೆ ಲೈಸೆನ್ಸ್ ಇಲ್ಲದಿರಬಹುದು, ಐಟಿಯವರನ್ನು ಕೇಳಿ.

ನಾಲ್ಕನೆಯದು ಬಲ ಮೂಲೆಯ ಕಂಪಾಸ್. ಅದನ್ನು ಹಿಡಿದು ಎಳೆದು ಪಾರ್ಟ್ ಮೇಲೆ ಬಿಟ್ಟು, ಆಮೇಲೆ ಕಂಪಾಸ್ ಆಡಿಸಿದರೆ ಪಾರ್ಟೇ ಜಾಗ ಬಿಟ್ಟು ಕದಲುತ್ತದೆ. ಅಸೆಂಬ್ಲಿಯಲ್ಲಿ ಇದು ಅಪಾಯ. ಅನ್‌ಡು ಮಾಡಿ, ವ್ಯೂ ಮೆನುವಿನ ರೀಸೆಟ್ ಕಂಪಾಸ್ ಒತ್ತಿ.

ಒಂದು ಮಾತು ಸೇವ್ ಬಗ್ಗೆ. 'ಕ್ಲಿಕ್ ಓಕೆ ಟು ಟರ್ಮಿನೇಟ್' ಅನ್ನುವ ಕಿಟಕಿಯನ್ನು ಕ್ಯಾಟಿಯಾದವರೆಲ್ಲ ಒಂದಲ್ಲ ಒಂದು ದಿನ ನೋಡುತ್ತಾರೆ. ಅದು ಬಂದಾಗ ಓಕೆ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಒಂದು ಫೀಚರ್ ಸರಿಹೋದ ಕೂಡಲೇ ಸೇವ್ ಮಾಡಿ.

ಹಂತ 4: ಹಳೆಯ ಹೆಸರು, ಹೊಸ ಹೆಸರು

ನಿಮಗೆ ಬೇಕಾದ ಹೆಚ್ಚಿನ ಕಮಾಂಡ್‌ಗಳು ಇಲ್ಲೂ ಇವೆ. ಹೆಸರು ಬೇರೆ. ಎಕ್ಸ್‌ಟ್ರೂಡ್ ಬಾಸ್ ಇಲ್ಲಿ ಪ್ಯಾಡ್. ಎಕ್ಸ್‌ಟ್ರೂಡ್ ಕಟ್ ಇಲ್ಲಿ ಪಾಕೆಟ್. ರಿವಾಲ್ವ್ ಅಂದರೆ ಶಾಫ್ಟ್, ರಿವಾಲ್ವ್ ಕಟ್ ಅಂದರೆ ಗ್ರೂವ್. ಸ್ವೀಪ್‌ಗೆ ರಿಬ್, ಲಾಫ್ಟ್‌ಗೆ ಮಲ್ಟಿ ಸೆಕ್ಷನ್ಸ್ ಸಾಲಿಡ್. ಕನ್ವರ್ಟ್ ಎಂಟಿಟೀಸ್ ಬೇಕಾದರೆ ಪ್ರಾಜೆಕ್ಟ್ 3ಡಿ ಎಲಿಮೆಂಟ್ಸ್. ಮೇಟ್ ಅನ್ನುವುದು ಇಲ್ಲಿ ಕನ್‌ಸ್ಟ್ರೇಂಟ್.

ಇದರಲ್ಲಿ ಎರಡು ಹೆಸರು ದಾರಿ ತಪ್ಪಿಸುತ್ತವೆ. ರಿಬ್ ಅಂದ ಕೂಡಲೇ ಪ್ಲಾಸ್ಟಿಕ್ ಪಾರ್ಟ್‌ನ ಬಲ ಕೊಡುವ ಗೋಡೆ ನೆನಪಾಗುತ್ತದೆ. ಅದಕ್ಕೆ ಇಲ್ಲಿ ಸ್ಟಿಫನರ್ ಅನ್ನುತ್ತಾರೆ. ಸ್ಲಾಟ್ ಅಂದರೆ ಇಲ್ಲಿ ಸ್ವೀಪ್ ಕಟ್. ಉದ್ದ ರಂಧ್ರದ ಸ್ಕೆಚ್ ಬೇಕಿದ್ದರೆ ಎಲಾಂಗೇಟೆಡ್ ಹೋಲ್ ಹುಡುಕಬೇಕು.

ಈ ಪಟ್ಟಿಯನ್ನು ನೀವೇ, ನಿಮ್ಮ ಕೈಯಲ್ಲೇ, ಕನ್ನಡದಲ್ಲೇ ಬರೆದುಕೊಳ್ಳಿ. ವಿಡಿಯೋ ಪಾಠಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ ಸಿಗುತ್ತವೆ. ಕೇಳುವಾಗ ಅರ್ಥ ಆದ ಹಾಗಿರುತ್ತದೆ, ಮಾಡಲು ಹೋದರೆ ಮರೆತಿರುತ್ತದೆ. 'ಪ್ಯಾಡ್ ಕೊಡೋ ಮುಂಚೆ ಪ್ರೊಫೈಲ್ ಕ್ಲೋಸ್ ಆಗಿದೆಯಾ ನೋಡು' ಅಂತ ನಮ್ಮ ಮಾತಿನಲ್ಲಿ ಬರೆದ ಸಾಲು ಮನಸ್ಸಿನಲ್ಲಿ ಉಳಿಯುತ್ತದೆ. ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಕಡೆ ಟೂಲ್ ರೂಮ್ ಕಲಿತು ಬಂದವರು ಶಾಪ್ ಫ್ಲೋರ್‌ನಲ್ಲಿ ದಿನವೂ ಇಂಥ ಭಾಷೆಯಲ್ಲೇ ಕೆಲಸ ಮಾಡುತ್ತಾರೆ. ಅದಕ್ಕೆ ನಾಚಿಕೆ ಬೇಡ.

ಐಕಾನ್ ಹುಡುಕಿ ಸಾಕಾದಾಗ ಕೆಳಗಿನ ಪವರ್ ಇನ್‌ಪುಟ್ ಪೆಟ್ಟಿಗೆಯಲ್ಲಿ ಸಿ ಅಕ್ಷರ, ಕೋಲನ್ ಹಾಕಿ ಕಮಾಂಡ್ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ನೇರವಾಗಿ ಕಮಾಂಡ್ ತೆರೆಯುತ್ತದೆ. ಸಾಲಿಡ್‌ವರ್ಕ್ಸ್‌ನ ಎಲ್ಲ ಶಾರ್ಟ್‌ಕಟ್‌ಗಳನ್ನು ಇಲ್ಲಿಗೆ ಹೊಂದಿಸಿಕೊಳ್ಳಬಹುದು, ಆದರೆ ಬೇಡ ಅನ್ನುತ್ತೇನೆ. ಪಕ್ಕದವರ ಕಂಪ್ಯೂಟರ್‌ನಲ್ಲಿ ಕೂತಾಗ ಮತ್ತೆ ಕೈ ಕಟ್ಟಿಹಾಕಿದಂತಾಗುತ್ತದೆ.

ಹಂತ 5: ಸ್ಕೆಚ್‌ನ ಬಣ್ಣ ಓದಿ

ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಅಂದರೆ ಅಳತೆ ಬಾಕಿ ಇದೆ, ಕಪ್ಪು ಅಂದರೆ ಪೂರ್ತಿ. ಇಲ್ಲಿ ಬಿಳಿ ಅಂದರೆ ಬಾಕಿ, ಹಸಿರು ಅಂದರೆ ಪೂರ್ತಿ, ನೇರಳೆ ಅಂದರೆ ಅಳತೆ ಜಾಸ್ತಿ ಆಗಿದೆ. ಹಸಿರಾಗದ ಸ್ಕೆಚ್ ಬಿಟ್ಟು ಹೊರಗೆ ಬರಬೇಡಿ.

ಸ್ಕೆಚ್‌ನಲ್ಲಿ ಕರ್ಸರ್ ನಿಮ್ಮ ಮಾತು ಕೇಳದೆ ಜಿಗಿಯುತ್ತಿದ್ದರೆ ಸ್ನ್ಯಾಪ್ ಟು ಪಾಯಿಂಟ್ ಆನ್ ಇದೆ, ಆಫ್ ಮಾಡಿ. ಪ್ರತಿ ಅಳತೆಗೂ ಮತ್ತೆ ಮತ್ತೆ ಕನ್‌ಸ್ಟ್ರೇಂಟ್ ಐಕಾನ್ ಒತ್ತಬೇಕಾಗಿ ಬಂದು ರೇಗುತ್ತಿದ್ದರೆ, ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿ. ಒಂದು ಕ್ಲಿಕ್‌ಗೆ ಒಂದೇ ಸಲ, ಡಬಲ್ ಕ್ಲಿಕ್‌ಗೆ ನೀವು ಸಾಕು ಅನ್ನುವವರೆಗೆ. ಈ ನಿಯಮ ತುಂಬಾ ಕಮಾಂಡ್‌ಗಳಿಗೆ ಹೊಂದುತ್ತದೆ. ಪ್ಯಾಡ್ ಕೊಡುವಾಗ ಪ್ರೊಫೈಲ್ ತೆರೆದಿದೆ ಅಂತ ಬೈದರೆ ಸ್ಕೆಚ್ ಅನಾಲಿಸಿಸ್ ಓಡಿಸಿ. ಎಲ್ಲಿ ಬಾಯಿ ತೆರೆದಿದೆ ಅಂತ ಅದೇ ತೋರಿಸುತ್ತದೆ.

ಸ್ಕೆಚ್ ಐಕಾನ್‌ನ ಕೆಳಗೆ ಪೊಸಿಷನ್ಡ್ ಸ್ಕೆಚ್ ಅಂತ ಇನ್ನೊಂದಿದೆ. ಅದನ್ನೇ ಬಳಸಿ. ಮೂಲಬಿಂದು, ದಿಕ್ಕು ಎರಡನ್ನೂ ನೀವೇ ಹೇಳಬಹುದು. ಮುಂದೆ ಮಾಡೆಲ್ ಬದಲಾದಾಗ ಸ್ಕೆಚ್ ತಲೆಕೆಳಗಾಗುವುದು ಕಡಿಮೆ.

ಹಂತ 6: ಗೊತ್ತಿರುವ ಪಾರ್ಟ್ ಒಂದನ್ನು ಪೂರ್ತಿ ಮಾಡಿ

ಟ್ಯುಟೋರಿಯಲ್‌ನ ಕಪ್, ಸಾಸರ್, ಬಾಟಲಿ ಬೇಡ. ಅವುಗಳಲ್ಲಿ ಅಳತೆ ಯಾಕೆ ಅಷ್ಟೇ ಇದೆ ಅನ್ನುವುದಕ್ಕೆ ಕಾರಣ ಇರುವುದಿಲ್ಲ. ನೀವು ಹಿಂದೆ ಮಾಡಿ ಕೈ ಪಳಗಿದ ಬಗೆಯ ಪಾರ್ಟ್ ತೆಗೆದುಕೊಳ್ಳಿ. ಆಗ ತಲೆ ಡಿಸೈನ್ ಬಗ್ಗೆ ಯೋಚಿಸಬೇಕಿಲ್ಲ, ಸಾಫ್ಟ್‌ವೇರ್ ಮಾತ್ರ ಕಲಿತರೆ ಸಾಕು. ಹಳೆಯ ಕಂಪನಿಯ ಡ್ರಾಯಿಂಗ್ ತರಬೇಡಿ, ಅದು ಅವರ ಆಸ್ತಿ. ನಾನು ಸೂಚಿಸುವುದು 6205 ಬೇರಿಂಗ್‌ಗೆ ಒಂದು ದುಂಡು ಫ್ಲಾಂಜ್ ಹೌಸಿಂಗ್. ಆ ಬೇರಿಂಗ್‌ನ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್ ಅಂತ ಮೆಷಿನ್ ಡಿಸೈನ್ ಮಾಡುವವರಿಗೆಲ್ಲ ಗೊತ್ತು.

ಮೊದಲು ಫಾರ್ಮುಲಾ ಐಕಾನ್ ತೆರೆದು ಎರಡು ಪ್ಯಾರಾಮೀಟರ್ ಮಾಡಿ: ಬೇರಿಂಗ್ ಹೊರವ್ಯಾಸ 52, ಬೇರಿಂಗ್ ಅಗಲ 15. ಉಳಿದ ಅಳತೆ ಇವುಗಳಿಂದ ಬರಲಿ. ಬಾಸ್ (ಬೇರಿಂಗ್ ಕೂರುವ ದುಂಡು ಉಬ್ಬು) ವ್ಯಾಸ ಅಂದರೆ ಹೊರವ್ಯಾಸಕ್ಕೆ 20 ಕೂಡಿಸಿದ್ದು, 72. ಬೋಲ್ಟ್ ವೃತ್ತ ಬಾಸ್‌ಗೆ ಇನ್ನೂ 20 ಕೂಡಿಸಿದ್ದು, 92. ಫ್ಲಾಂಜ್ ಅದಕ್ಕೆ 18 ಕೂಡಿಸಿದ್ದು, 110. ಬೇರಿಂಗ್ ಒರಗುವ ಭುಜದ ಕಿಂಡಿ ಹೊರವ್ಯಾಸದಿಂದ 8 ಕಳೆದದ್ದು, 44.

ಈಗ ಮಾಡೆಲ್. ಒಂದು ಮೂಲ ಪ್ಲೇನ್ ಮೇಲೆ ಫ್ಲಾಂಜ್ ವೃತ್ತ, 12 ಮಿಮೀ ಪ್ಯಾಡ್. ಬಾಸ್‌ನ ಸ್ಕೆಚ್ ಅನ್ನು ಫ್ಲಾಂಜ್‌ನ ಮುಖದ ಮೇಲೆ ಕೂರಿಸುವ ಆಸೆ ಬರುತ್ತದೆ. ಬೇಡ. ಅದೇ ಮೂಲ ಪ್ಲೇನ್ ಮೇಲೆ ಸ್ಕೆಚ್ ಹಾಕಿ 22 ಮಿಮೀ ಪ್ಯಾಡ್ ಕೊಡಿ. ಮುಖಕ್ಕೆ, ಅಂಚಿಗೆ ಕಟ್ಟಿದ ಸ್ಕೆಚ್‌ಗಳು ಆ ಮುಖ ಬದಲಾದ ದಿನ ಮುರಿದು ಬೀಳುತ್ತವೆ. ಪ್ಲೇನ್‌ಗೆ ಕಟ್ಟಿದವು ನಿಲ್ಲುತ್ತವೆ. ಬಾಸ್‌ನ ತುದಿಯಲ್ಲಿ, 22 ಮಿಮೀ ಎತ್ತರಕ್ಕೆ, ಒಂದು ಆಫ್‌ಸೆಟ್ ಪ್ಲೇನ್ ಮಾಡಿ ಅಲ್ಲಿಂದ ಕೆಳಕ್ಕೆ ಬೇರಿಂಗ್ ಪಾಕೆಟ್ ಕೊಡಿ, ಆಳ ಬೇರಿಂಗ್ ಅಗಲದಷ್ಟು. ಆಮೇಲೆ ಪೂರ್ತಿ ಹಾಯುವ 44ರ ಪಾಕೆಟ್.

ಎಂ8 ಬೋಲ್ಟ್‌ಗೆ 9 ಮಿಮೀ ಹೋಲ್. ಇಲ್ಲಿ ಎಚ್ಚರ. ಹೋಲ್ ಕಮಾಂಡ್ ನೀವು ಕ್ಲಿಕ್ ಮಾಡಿದ ಜಾಗದಲ್ಲೇ ಕೂರುತ್ತದೆ, ಅದಕ್ಕೆ ಅಳತೆಯೇ ಇರುವುದಿಲ್ಲ. ಹೋಲ್‌ನ ಕಿಟಕಿಯಲ್ಲೇ ಪೊಸಿಷನಿಂಗ್ ಸ್ಕೆಚ್ ಐಕಾನ್ ಇದೆ. ಒಳಗೆ ಹೋಗಿ ಬಿಂದುವಿಗೆ ಅಳತೆ ಕೊಟ್ಟು ಹಸಿರು ಮಾಡಿ. ಆಮೇಲೆ ಸರ್ಕ್ಯುಲರ್ ಪ್ಯಾಟರ್ನ್, ನಾಲ್ಕು ಹೋಲ್. ಪ್ಯಾರಾಮೀಟರ್ಸ್ ಜಾಗದಲ್ಲಿ ಕಂಪ್ಲೀಟ್ ಕ್ರೌನ್ ಆರಿಸಿದರೆ ಸುತ್ತಲೂ ಸಮನಾಗಿ ಹಂಚಿಕೊಳ್ಳುತ್ತದೆ, ಕೋನ ಲೆಕ್ಕ ಹಾಕಬೇಕಿಲ್ಲ.

ಇನ್ನು ನಿಜವಾದ ಪರೀಕ್ಷೆ. ಹೊರವ್ಯಾಸವನ್ನು 62, ಅಗಲವನ್ನು 16 ಮಾಡಿ. ಅದು 6206ರ ಅಳತೆ. ಅಪ್‌ಡೇಟ್‌ಗೆ ಕಂಟ್ರೋಲ್ ಯು ಒತ್ತಿ. ಅಪ್‌ಡೇಟ್ ಮ್ಯಾನುಯಲ್‌ನಲ್ಲಿದ್ದರೆ ಪಾರ್ಟ್ ಕೆಂಪಾಗಿ ಕಾಣುತ್ತದೆ. ಅದು ದೋಷ ಅಲ್ಲ, ಅಪ್‌ಡೇಟ್ ಬಾಕಿ ಇದೆ ಅಂತ ಅರ್ಥ. ಬಾಸ್ 82, ಬೋಲ್ಟ್ ವೃತ್ತ 102, ಫ್ಲಾಂಜ್ 120 ಆಗಿ ಎಲ್ಲವೂ ಸರಿಯಾಗಿ ಬೆಳೆದರೆ ನಿಮ್ಮ ಮಾಡೆಲ್ ಗಟ್ಟಿ. ಎಲ್ಲಾದರೂ ಮುರಿದರೆ ಬೇಜಾರಾಗಬೇಡಿ, ಯಾವ ಕೊಂಡಿ ಸಡಿಲ ಅಂತ ಟ್ರೀ ತೋರಿಸುತ್ತದೆ. ಅದನ್ನು ಸರಿಪಡಿಸುವಾಗ ಕಲಿಯುವಷ್ಟು ಯಾವ ವಿಡಿಯೋ ನೋಡಿಯೂ ಕಲಿಯುವುದಿಲ್ಲ.

ಹಂತ 7: ಬಾಡಿ, ಜಿಯೊಮೆಟ್ರಿಕಲ್ ಸೆಟ್, ಗೆರೆ ಎಳೆದ ಹೆಸರು

ಟ್ರೀಯಲ್ಲಿ ಒಂದು ಹೆಸರಿನ ಕೆಳಗೆ ಗೆರೆ ಇರುತ್ತದೆ. ಅದೇ ಇನ್ ವರ್ಕ್ ಆಬ್ಜೆಕ್ಟ್. ಮುಂದಿನ ಫೀಚರ್ ಅದರ ನಂತರವೇ ಸೇರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ರೋಲ್‌ಬ್ಯಾಕ್ ಬಾರ್ ಎಳೆದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರೈಟ್ ಕ್ಲಿಕ್ ಮಾಡಿ ಡಿಫೈನ್ ಇನ್ ವರ್ಕ್ ಆಬ್ಜೆಕ್ಟ್ ಅಂದರೆ ಆಯಿತು. 'ನಾನು ಮಾಡಿದ ಪ್ಯಾಡ್ ಎಲ್ಲೋ ನಡುವೆ ಸೇರಿಕೊಂಡಿದೆ', 'ಕೊನೆಯ ಫೀಚರ್‌ಗಳು ಮಾಯ ಆಗಿವೆ' ಅನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಗೆರೆ.

ಬಾಡಿಯಲ್ಲಿ ಸಾಲಿಡ್ ಫೀಚರ್‌ಗಳು ಕೂರುತ್ತವೆ. ಬಿಂದು, ಗೆರೆ, ಪ್ಲೇನ್, ಸರ್ಫೇಸ್‌ಗಳಿಗೆ ಜಿಯೊಮೆಟ್ರಿಕಲ್ ಸೆಟ್. ಹೈಬ್ರಿಡ್ ಡಿಸೈನ್ ಆನ್ ಇದ್ದರೆ ಎಲ್ಲ ಒಂದೇ ಬಾಡಿಯಲ್ಲಿ ಸೇರಿಕೊಳ್ಳಬಹುದು. ಆನ್ ಇರಬೇಕಾ ಆಫ್ ಇರಬೇಕಾ ಅನ್ನುವುದು ಕಂಪನಿಯ ನಿಯಮ, ಪಾರ್ಟ್ ಶುರುಮಾಡುವ ಮೊದಲೇ ಕೇಳಿ.

ಹಂತ 8: ಅಸೆಂಬ್ಲಿ ಮತ್ತು ಫೈಲ್‌ಗಳು

ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲು ತಂದ ಪಾರ್ಟ್ ತಾನಾಗಿ ಫಿಕ್ಸ್ ಆಗುತ್ತದೆ. ಇಲ್ಲಿ ಆಗುವುದಿಲ್ಲ, ಫಿಕ್ಸ್ ಕನ್‌ಸ್ಟ್ರೇಂಟ್ ನೀವೇ ಕೊಡಬೇಕು. ಅಲ್ಲಿ ಮೇಟ್ ಕೊಟ್ಟ ಕೂಡಲೇ ಪಾರ್ಟ್ ಬಂದು ಕೂರುತ್ತದೆ. ಇಲ್ಲಿ ಅಪ್‌ಡೇಟ್ ಕೊಡುವವರೆಗೂ ಕದಲದೇ ಇರಬಹುದು. ಕನ್‌ಸ್ಟ್ರೇಂಟ್ ಒಪ್ಪಿಕೊಳ್ಳದಿದ್ದರೆ ಟ್ರೀಯಲ್ಲಿ ನೀಲಿಯಾಗಿರುವುದು ಯಾವುದು ನೋಡಿ. ಅದೇ ಆಕ್ಟಿವ್ ಪ್ರಾಡಕ್ಟ್. ಬೇಕಾದ ಪ್ರಾಡಕ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಅದನ್ನು ನೀಲಿ ಮಾಡಿ, ಆಮೇಲೆ ಮುಂದುವರಿಯಿರಿ.

ಫೈಲ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಟ್ರೀಯಲ್ಲಿ ಕಾಣುವುದು ಪಾರ್ಟ್ ನಂಬರ್, ಫೈಲ್ ಹೆಸರಲ್ಲ. ಎರಡೂ ಒಂದೇ ಇರುವಂತೆ ನೋಡಿಕೊಳ್ಳಿ. ಒಂದೇ ಪಾರ್ಟ್ ನಂಬರ್‌ನ ಎರಡು ಬೇರೆ ಪಾರ್ಟ್ ಒಂದೇ ಅಸೆಂಬ್ಲಿಗೆ ಬಂದರೆ ಜಗಳ ಶುರು. ವಿಂಡೋಸ್ ಫೋಲ್ಡರ್‌ನಲ್ಲಿ ಹೋಗಿ ಫೈಲ್ ಹೆಸರು ಬದಲಿಸಬೇಡಿ, ಲಿಂಕ್ ಕಡಿದುಹೋಗುತ್ತದೆ. ಹಾಗಾಗಿಬಿಟ್ಟಿದ್ದರೆ ಫೈಲ್ ಮೆನುವಿನ ಡೆಸ್ಕ್ ತೆರೆಯಿರಿ. ಕಳೆದುಹೋದ ಫೈಲ್ ಕೆಂಪಾಗಿ ಕಾಣುತ್ತದೆ, ರೈಟ್ ಕ್ಲಿಕ್ ಮಾಡಿ ಫೈಂಡ್ ಅಂತ ಹುಡುಕಿಕೊಡಿ. ಅಸೆಂಬ್ಲಿ ಉಳಿಸಲು ಸೇವ್ ಮ್ಯಾನೇಜ್‌ಮೆಂಟ್ ಬಳಸಿ. ಯಾವ ಫೈಲ್ ಬದಲಾಗಿದೆ, ಎಲ್ಲಿ ಉಳಿಯುತ್ತದೆ ಅಂತ ಸ್ಪಷ್ಟವಾಗಿ ತೋರಿಸುತ್ತದೆ. ಬೇರೆಯವರಿಗೆ ಕಳಿಸುವಾಗ ಸೆಂಡ್ ಟು ಡೈರೆಕ್ಟರಿ, ಅದು ಲಿಂಕ್ ಇರುವ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತದೆ.

ಸಿಕ್ಕಿಹಾಕಿಕೊಂಡಾಗ ಹೇಗೆ ಕೇಳಬೇಕು

ಕಾಲು ಗಂಟೆ ನೀವೇ ಪ್ರಯತ್ನಿಸಿ, ಆಮೇಲೆ ಕೇಳಿ. ಎರಡು ಗಂಟೆ ಮುಖ ಗಂಟಿಕ್ಕಿಕೊಂಡು ಕೂರುವುದರಿಂದ ಯಾರಿಗೂ ಲಾಭ ಇಲ್ಲ. ಕೇಳುವಾಗ 'ಬರ್ತಿಲ್ಲ ಸಾರ್' ಅನ್ನುವ ಬದಲು 'ಹೋಲ್ ಪ್ಯಾಟರ್ನ್ ಅಪ್‌ಡೇಟ್ ಆಗುತ್ತಿಲ್ಲ, ಬಾಸ್ ವ್ಯಾಸ ಬದಲಿಸಿದ ಮೇಲೆ ಹೀಗಾಯಿತು' ಅಂತ ಸ್ಕ್ರೀನ್‌ಶಾಟ್ ಜೊತೆ ಹೇಳಿ. ಉತ್ತರ ಎರಡೇ ನಿಮಿಷದಲ್ಲಿ ಸಿಗುತ್ತದೆ. ಸಿಕ್ಕಿದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ನಿಮಗಿಂತ ಚಿಕ್ಕವರನ್ನು ಕೇಳಲು ಹಿಂಜರಿಯಬೇಡಿ. ಅವರಿಗೆ ಐಕಾನ್ ಗೊತ್ತು, ನಿಮಗೆ ಮೆಷಿನಿಂಗ್ ಗೊತ್ತು. ಅವರೂ ನಿಮ್ಮ ಹತ್ತಿರ ಟಾಲರೆನ್ಸ್ ಬಗ್ಗೆ ಕೇಳಲು ಬರುತ್ತಾರೆ.

ಹಂತ 9: ಡ್ರಾಯಿಂಗ್ ಕಳಿಸುವ ಮುನ್ನ

ಡ್ರಾಫ್ಟಿಂಗ್ ಸಾಲಿಡ್‌ವರ್ಕ್ಸ್‌ನಿಂದ ಬಂದವರಿಗೆ ಅಷ್ಟು ಕಷ್ಟ ಅಲ್ಲ, ಆದ್ದರಿಂದ ಜಾಸ್ತಿ ಬರೆಯುವುದಿಲ್ಲ. ಒಂದನ್ನು ಮಾತ್ರ ತಪ್ಪದೆ ನೋಡಿ. ನಮ್ಮಲ್ಲಿ ಓದಿದ್ದು, ಶಾಪ್ ಫ್ಲೋರ್‌ನಲ್ಲಿ ಬಳಸುವುದು ಫಸ್ಟ್ ಆಂಗಲ್ (ಡ್ರಾಯಿಂಗ್‌ನಲ್ಲಿ ವ್ಯೂಗಳನ್ನು ಜೋಡಿಸುವ ಒಂದು ಪದ್ಧತಿ). ಅಮೆರಿಕದ ಕ್ಲೈಂಟ್ ಆದರೆ ಥರ್ಡ್ ಆಂಗಲ್ ಕೇಳುತ್ತಾನೆ. ಶೀಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಪ್ರೊಜೆಕ್ಷನ್ ಮೆಥಡ್ ಯಾವುದಿದೆ ನೋಡಿ, ಮೊದಲ ವ್ಯೂ ಹಾಕುವ ಮುಂಚೆಯೇ. ಟೈಟಲ್ ಬ್ಲಾಕ್‌ನ ಚಿಹ್ನೆ ಅದಕ್ಕೆ ಹೊಂದಬೇಕು. ಚಿಹ್ನೆ ಒಂದು, ವ್ಯೂ ಇನ್ನೊಂದು ಆದರೆ ಪಾರ್ಟ್ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ತಯಾರಾಗಿ ಬರಬಹುದು.

ಕ್ಲೈಂಟ್ ಬಳಿ ಯಾವ ರಿಲೀಸ್ ಇದೆ ಅಂತಲೂ ಕೇಳಿ. ಹೊಸ ರಿಲೀಸ್‌ನಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ನೇರವಾಗಿ ತೆರೆಯುವುದಿಲ್ಲ. ಸ್ಟೆಪ್ ಕೂಡ ಜೊತೆಗೆ ಕೊಡಬೇಕಿದ್ದರೆ ಅದರ ಬಗೆಗಳಾದ ಎಪಿ203, ಎಪಿ214, ಎಪಿ242 ಇವುಗಳಲ್ಲಿ ಯಾವುದು ಬೇಕು ಅಂತ ತಿಳಿದುಕೊಂಡು, ಮಾಡಿದ ಫೈಲನ್ನು ಖಾಲಿ ಕಿಟಕಿಯಲ್ಲಿ ಮತ್ತೆ ತೆರೆದು ಒಂದೆರಡು ಅಳತೆ ಹಿಡಿದು ನೋಡಿ, ಆಮೇಲೆ ಕಳಿಸಿ.